ಮರದ ಹಾಳೆಯ ಮೇಲಿನ ಪ್ಲಾಸ್ಟಿಕ್

ಜುಲೈ ೧೫, ಮಂಗಳವಾರ. ವಡಾಲ.

ಸಿಟ್ಟು ಇನ್ನೂ ಇಳಿದಿಲ್ಲ. ಊಟವೂ ಸೇರಲಿಲ್ಲ.

ಮರದ ನಾರಿನಿಂದ ಗಾಜಿನಷ್ಟು ತಿಳಿಯಾದ ಹಾಳೆ ಮಾಡಲು ನನಗೆ ವರ್ಷಗಳೇ ಹಿಡಿದವು. ಅದರಲ್ಲಿ ಊಟ ಕಟ್ಟಿಕೊಡಬಹುದು, ಎಸೆದರೆ ಮಣ್ಣಲ್ಲಿ ಕರಗುತ್ತದೆ. ಆದರೆ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಅದನ್ನು ಸರಿಪಡಿಸಲು ಸಮಯ ಕೇಳಿದ್ದೆ. ಲ್ಯಾಬಿನ ಮುಖ್ಯಸ್ಥ ಮನೀಶ್ ಸಮಯ ಕೊಡಲಿಲ್ಲ, ಮೇಲೊಂದು ತೆಳು ಪ್ಲಾಸ್ಟಿಕ್ ಪದರ ಹಾಕಿಸಿಬಿಟ್ಟರು.

ಇವತ್ತು ವಿಕ್ರೋಳಿಯ ನಮ್ಮ ಆಫೀಸಿಗೆ ಈ ಹಾಳೆ ಕೊಳ್ಳಲು ಹೋಟೆಲಿನವರು ಬಂದಿದ್ದರು. ನನ್ನೆದುರಿಗೇ ಮನೀಶ್, "ಪೂರಾ ಮರದ್ದೇ. ಪ್ಲಾಸ್ಟಿಕ್ ಬಿಲ್ಕುಲ್ ಇಲ್ಲ," ಎಂದರು. ಬಂದವರಲ್ಲಿ ಹಿರಿಯರಾದ ಶೆಟ್ಟರು ನನ್ನತ್ತ ತಿರುಗಿ, "ನೀನು ಮಾಡಿದ್ದಲ್ವಾ ಮಗಾ? ಹೇಳು, ಇದು ಮಣ್ಣಲ್ಲಿ ಕರಗ್ತದಾ?" ಎಂದು ಕೇಳಿದರು.

ನಾನು ಹಾಳೆಯನ್ನು ಹರಿದೆ. ಮರದ ಭಾಗ ಚರ್ರೆಂದು ಹರಿಯಿತು. ಪ್ಲಾಸ್ಟಿಕ್ ಮಾತ್ರ ಹಿಗ್ಗಿ ಜೋತಾಡಿತು.

"ಇದು ಕರಗಂಗಿಲ್ರಿ," ಎಂದೆ.

ಹೋಟೆಲಿನವರು ಎದ್ದು ಹೋದರು. ಮನೀಶ್ ಬಾಗಿಲು ಹಾಕಿಕೊಂಡು ಕೂಗಾಡಿದರು: "ಭುವನೇಶ್ವರಿ, ನಿಮ್ಮ ಕೆಲಸ ನೀವೇ ಹಾಳು ಮಾಡಿದ್ರಿ. ನಾಳೆಯಿಂದ ಲ್ಯಾಬಿಗೆ ಬರೋದು ಬೇಡ."

ನಾನು ಹಾಳು ಮಾಡಿದೆನಂತೆ! ನನ್ನ ಹಾಳೆಗೆ ಪ್ಲಾಸ್ಟಿಕ್ ಮೆತ್ತಿದವರು ಅವರು, ಅದಿಲ್ಲವೆಂದು ಸುಳ್ಳು ಹೇಳಿದವರು ಅವರು, ಹಾಳು ಮಾಡಿದವಳು ನಾನು!

ಮನೆಗೆ ಬಂದು ಹೇಳಿದಾಗ ಅವ್ವ ಮೊದಲು, "ಸುಮ್ನ ಇರಾಕ ಏನಾಗಿತ್ತು ನಿನಗ?" ಎಂದು ಬೈದಳು. ಎಲ್ಲ ಕೇಳಿದ ಮೇಲೆ ಮಜ್ಜಿಗೆ ತಂದಿಟ್ಟು, "ಆ ಹಿರ್ಯಾ ನಿನ್ನ ಕೇಳ್ಯಾನ. ನೀ ಮತ್ತೇನ ಹೇಳಬೇಕಿತ್ತು?" ಎಂದಳು. ಆಗ ಅಳು ಬಂತು.

ಪದರವಿಲ್ಲದ ಹೊಸ ಹಾಳೆಗಳು ಲ್ಯಾಬಿನಲ್ಲಿ ನನ್ನ ಮೇಜಿನ ಮೇಲೆ ಒಣಗುತ್ತಿವೆ. ನಾಳೆ ಎಂದಿನ ಲೋಕಲ್ ರೈಲಿಗೇ ಹೋಗುತ್ತೇನೆ. ಗೇಟಿನಲ್ಲಿ ತಡೆದರೆ ತಡೆಯಲಿ, ಯಾಕೆಂದು ಎಲ್ಲರೆದುರು ಮನೀಶ್ ಅವರೇ ಬಾಯಿಬಿಟ್ಟು ಹೇಳಲಿ. ನಾನಂತೂ ನನ್ನ ಹಾಳೆಗಳನ್ನು ಬಿಟ್ಟುಕೊಡುವುದಿಲ್ಲ.