ಓದಿ ಹೇಳಲಾಗಿದೆ

ಆಗಸ್ಟ್ 4, ಸೋಮವಾರ

ಬೆಳಿಗ್ಗೆಯಿಂದ ಮೂರು ಅಫಿಡವಿಟ್, ಒಂದು ಬಾಡಿಗೆ ಕರಾರು. ಪ್ರಿಂಟರ್ ಮತ್ತೆ ಹಾಳೆ ನುಂಗಿತು. ಹುನಗುಂದ ಕೋರ್ಟಿನೆದುರು ಟೈಪಿಂಗ್ ಅಂಗಡಿ ಇಟ್ಟು ಒಂಬತ್ತು ವರ್ಷ. ಊರವರ ಜಗಳವೆಲ್ಲ ನನ್ನ ಬೆರಳ ಕೆಳಗೇ ಹಾದು ಹೋಗುತ್ತದೆ. ಇವತ್ತು ನಮ್ಮ ಮನೆಯದೇ ಬಂತು. ಸಮನ್ಸ್ ಹಂಚುವ ಖಾದರಬಾಷಾ ಚಹಾ ಮುಗಿಸಿ ಮೆಲ್ಲಗೆ ಲಕೋಟೆ ತೆಗೆದರು.

"ನಿಮ್ಮಪ್ಪ ಅಮಾತೆಪ್ಪನ ಹೆಸರಿಗೆ ಐತೆವಾ. ಕೋರ್ಟಿನ್ಯಾಗ ಗೆದ್ದಾಂವ ಸೋತ, ಸೋತಾಂವ ಸತ್ತ. ನಿನಗ ನಾ ಹೇಳೂದೇನೈತಿ."

ದಾವೆ ಹಾಕಿದವಳು ಲಗಮವ್ವತ್ತಿ. ಅಪ್ಪನ ಒಬ್ಬಳೇ ತಂಗಿ, ಕುಳಗೇರಿ ಕ್ರಾಸಿಗೆ ಕೊಟ್ಟದ್ದು. ಅಜ್ಜನ ನಾಲ್ಕು ಎಕರೆಯಲ್ಲಿ ಅರ್ಧ ಬೇಕಂತೆ. ಎಂಟು ವರ್ಷದ ಹಿಂದೆ ಹಕ್ಕು ಬಿಡುಗಡೆ ಪತ್ರಕ್ಕೆ ಮೋಸದಿಂದ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಕೋರ್ಟಿಗೆ ಹಾಜರಾಗುವ ತಾರೀಖು ಇದೇ 25. ಆ ಪತ್ರ ಟೈಪ್ ಮಾಡಿದವಳು ನಾನೇ, ಕೆಳಗೆ 'ಟೈಪ್: ನಾಗರತ್ನಾ' ಅಂತ ಹೆಸರೂ ಇದೆ.

ಆಗಸ್ಟ್ 5

"ಚಲೋ ವಕೀಲರ್ನ ನೀನ ಹುಡುಕು. ದಿನಾ ಅವರ ನಡುವ ಇರ್ತಿ" — ಅಪ್ಪ.

ನಡುವೆ ಇರುವುದೇ ತೊಂದರೆ. ಎಲ್ಲರ ಬಂಡವಾಳ ಗೊತ್ತು. ಪ್ರಭುಲಿಂಗ ವಕೀಲರು ಹಳೇ ತಕರಾರು ಅರ್ಜಿಯಲ್ಲಿ ಹೆಸರಷ್ಟೇ ಬದಲಿಸು ಅಂತಾರೆ. ಒಮ್ಮೆ ಎತ್ತಿನ ಕೇಸಿನಲ್ಲಿ "ಗಂಡನ ಮನೆ ಬಿಟ್ಟು ಹೋದಳು" ಅಂತ ಉಳಿದುಬಿಟ್ಟಿತ್ತು. ಸಂತೋಷಕುಮಾರ ಸರ್ ಗಟ್ಟಿ ಆಳು... ಅತ್ತಿ ಅವರನ್ನೇ ಹಿಡಿದಿದ್ದಾಳೆ. ಭಲೆ ಅತ್ತಿ!

ಆಗಸ್ಟ್ 9, ಶನಿವಾರ

ಬಾಗಲಕೋಟೆ. ವಕೀಲ ವಿಜಯಮಹಾಂತೇಶ ಸಾಹೇಬರ ಆಫೀಸು. ಎರಡು ತಾಸು ಕಾದೆವು. ಪತ್ರ ತಿರುವಿ ನೋಡಿ ನಕ್ಕರು.

"ಟೈಪ್ ಮಾಡಿದಾಕಿ ಮಗಳೇನು? ಮತ್ಯಾಕ ಚಿಂತಿ? 'ಓದಿ ಹೇಳಲಾಗಿದೆ, ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ' ಅಂತ ಐತಲ್ಲ. ನಾ ಓದಿ ಹೇಳೇನ್ರಿ ಅಂತ ನೀ ಒಂದ ಮಾತು ಅಂದ್ರ ಕೇಸ್ ಮುಗೀತು."

ಅಪ್ಪನಿಗೆ ಹಿಗ್ಗು. ಅಮೀನಗಡದಲ್ಲಿ ಬಸ್ ನಿಂತಾಗ ಇಳಿದು ಕರದಂಟು ತಂದ. ನನ್ನ ಪಾಲಿನ ತುಂಡನ್ನು ಬಹಳ ಹೊತ್ತು ಅಗಿದೆ.

ಆ ಸಾಲು ನನ್ನ ಕಂಪ್ಯೂಟರಿನಲ್ಲಿ ಎಲ್ಲ ಪತ್ರದ ಕೊನೆಗೂ ಮೊದಲೇ ಇರುತ್ತದೆ. ಯಾರೂ ಯಾರಿಗೂ ಓದಿ ಹೇಳುವುದಿಲ್ಲ. ಅವತ್ತು ಅತ್ತಿ "ಏನೈತಿ ಇದ್ರಾಗ?" ಅಂತ ಕೇಳಿದ್ದಳು. "ಅಪ್ಪನ ಹೆಸರ ತಗದು ನಮ್ಮಿಬ್ಬರ ಹೆಸರ ಹಚ್ಚೂ ಕಾಗದ. ಒತ್ತು" ಅಂದಿದ್ದ ಅಪ್ಪ. ಸುಳ್ಳೆಂದು ಗೊತ್ತಿತ್ತು. ಇಂಕ್ ಪ್ಯಾಡ್ ಮುಂದೆ ಸರಿಸಿದೆ. ಬರೆಯಲೂ ನಾಚಿಕೆ.

ಆಗಸ್ಟ್ 19, ಮಂಗಳವಾರ

ಹತ್ತು ದಿನ ಬರೆದಿಲ್ಲ. ಇವತ್ತು ಅಪ್ಪನನ್ನು ಒತ್ತಾಯ ಮಾಡಿ ಇಳಕಲ್ಲಿಗೆ ಕರೆದೊಯ್ದೆ, ಸವಿತಾ ವಕೀಲರ ಹತ್ತಿರ. ಹೋದ ವರ್ಷ ನಾ ಟೈಪ್ ಮಾಡಿದ ಬೇರೊಂದು ಪತ್ರದಲ್ಲಿ ಇದೇ ಸಾಲಿಗೆ ಕೆಂಪು ಗೀಟು ಎಳೆದು "ಓದಿಲ್ಲಂದ್ರ ಯಾಕ ಬರದಿ?" ಅಂತ ಬೈದಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಅವರೊಬ್ಬರೇ ನೆನಪಾದರು.

ಪತ್ರ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು.

"ಓದಿ ಹೇಳಿದ್ದೇನು?"

"ಇಲ್ರಿ."

"ಹಂಗಾದ್ರ ಸುಳ್ಳಸಾಕ್ಷಿ ಹೇಳ್ಸೂ ಕೇಸ್ ನಾ ಹಿಡಿಯೂದಿಲ್ಲ. ತಂಗಿ ಕೂಡ ರಾಜಿ ಮಾಡ್ಕೋತೀನಿ ಅಂದ್ರ ಬರ್ರಿ, ಯಜಮಾನ್ರ. ನಾ ಇರ್ತೇನಿ."

ಅಪ್ಪ ಎದ್ದು ಹೊರಟ. ಬಸ್ಸಿನಲ್ಲಿ ಬೇರೆ ಸೀಟು. ಮನೆಗೆ ಬಂದ ಮೇಲೆ ಒಂದೇ ಮಾತು: "ನಿನಗ ಸಾಲಿ ಕಲಿಸಿದ್ದು ನನ್ನ ಕುತ್ತಿಗಿ ಕೊಯ್ಲಿಕ್ಕೇನು?"

ಆಗಸ್ಟ್ 24, ರವಿವಾರ

ಬಾಗಲಕೋಟೆ ಸಾಹೇಬರೇ ಅಂತ ಅಪ್ಪ ತೀರ್ಮಾನಿಸಿದ. ನಾಳೆ ಅವರ ಜೂನಿಯರ್ ಬರುತ್ತಾನೆ. ವಕಾಲತ್ತಿಗೆ ಅಪ್ಪನ ಹೆಬ್ಬೆಟ್ಟು, ಓದಿ ಹೇಳಿದ್ದೇನೆ ಅನ್ನುವ ಹೇಳಿಕೆಗೆ ನನ್ನ ಸಹಿ.

ಮಧ್ಯಾಹ್ನ ತಡೆಯಲಾಗಲಿಲ್ಲ. ಅಂಗಡಿ ಬಾಗಿಲು ಮುಂದೆ ಮಾಡಿ ಅತ್ತಿಗೆ ಫೋನ್ ಹಚ್ಚಿದೆ. "ಅತ್ತಿ, ಅವತ್ತ ನಾ ಓದಿ ಹೇಳಬೇಕಿತ್ತು" ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಓದಿ ಹೇಳಿದ್ರೂ ನಾ ಒತ್ತತಿದ್ದೆ, ಯವ್ವಾ. ಅಣ್ಣ ಬಾಯಿಬಿಟ್ಟು ಕೇಳಿದ್ರ ನಾ ಇಲ್ಲ ಅಂತಿದ್ನೇನು? ಕೇಳಲಿಲ್ಲಲ್ಲ ಅಂವ. ಅದಕ್ಕ ಹಾಕೇನಿ ಕೇಸು."

ಅತ್ತುಬಿಟ್ಟೆ. ಅವಳೂ.

ಆಗಸ್ಟ್ 25, ಸೋಮವಾರ. ಬೆಳಿಗ್ಗೆ 9.20

ಸಹಿ ಮಾಡುವುದಿಲ್ಲ ಅಂತ ಹೇಳಿದೆ. ಅಪ್ಪ ಪಟಕಾ ಸುತ್ತುತ್ತಿದ್ದ. ಬೈಯಲು ಬಾಯಿ ತೆರೆಯುವುದರೊಳಗೆ ಅತ್ತಿ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

"ಆಕಿ ಹಂಗಂದ್ಲು?"

"ಹೌದಪ್ಪಾ."

"ಕೇಳಿದ್ರ ಕೊಡತಿದ್ದೆ ಅಂದ್ಲು?"

ಅರ್ಧ ಸುತ್ತಿದ ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಜೂನಿಯರ್ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಹನ್ನೊಂದಕ್ಕೆ ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ. ವಕೀಲರೇ ಇಲ್ಲ. ಇಳಕಲ್ಲಿಗೆ, ಸವಿತಾ ವಕೀಲರಿಗೆ ಹಚ್ಚಲೇ ಅಂತ ಕೇಳಿದೆ.

"ವಕೀಲರು ಆಮ್ಯಾಲೆ. ಮೊದಲ ಲಗಮವ್ವಗ ಹಚ್ಚು."

ಹಚ್ಚಿ ಕೊಟ್ಟೆ. ಕಿವಿಗೆ ಹಿಡಿದು ಕೂತಿದ್ದಾನೆ. "ನಾಗರತ್ನಾ, ಮಾತಾಡ ಯವ್ವಾ" ಅಂತ, ನಾನೇ ಅಂದುಕೊಂಡು, ಅತ್ತಿ ಅನ್ನುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಅಪ್ಪ ಪಟಕಾ ಪಕ್ಕಕ್ಕಿಟ್ಟ.

"ಲಗಮೀ, ನಾ ಅವತ್ತ ನಿನ್ನ ಕೇಳಬೇಕಿತ್ತು—"