ಮಹಾಬಲೇಶ್ವರ ತಲುಪದ ಬಸ್ಸು

ಕಾಪು
೭ ಜೂನ್ ೧೯೮೧

ಪ್ರೀತಿಯ ಚಂಪಾ,

ನಾನು ಮತ್ತು ತಂಗಿ ಅಕ್ಕು ಇಲ್ಲಿ ಕ್ಷೇಮ. ಬೊಂಬಾಯಿಯಲ್ಲಿ ನೀನೂ ಮಗಳು ಸುಭಾಷಿಣಿಯೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಬೇಸರಿಸಬೇಡ. ಬಲಗೈಯ ಪ್ಲಾಸ್ಟರನ್ನು ಮಣಿಪಾಲದಲ್ಲಿ ಮೊನ್ನೆಯಷ್ಟೇ ಬಿಚ್ಚಿದರು. ಅಕ್ಕುವಿನ ಕೈಯಲ್ಲಿ ಬರೆಸಬಹುದಿತ್ತು, ಮನಸ್ಸಾಗಲಿಲ್ಲ. ಅಕ್ಷರ ಸೊಟ್ಟಗಿದೆ, ಸುಧಾರಿಸಿಕೊಂಡು ಓದು.

ಧಣಿ ಸರ್ವೋತ್ತಮ ನಮ್ಮ ಕೋಣೆಗೆ ಬಂದು ಏನೇನು ಹೇಳಿದನೆಂದು ಬರೆದಿದ್ದೀ. ಈಗ ನಡೆದದ್ದನ್ನು ಕೇಳು. ನಾನು ಓಡಿಸುವ ಬಸ್ಸಿನ ಬ್ರೇಕು ಸರಿಯಿಲ್ಲವೆಂದು ಏಪ್ರಿಲ್‌ನಲ್ಲೇ ಅವನಿಗೆ ಎರಡು ಸಲ ಹೇಳಿದ್ದೆ. "ಇಡೀ ಬೊಂಬಾಯಿ ಮಹಾಬಲೇಶ್ವರಕ್ಕೆ ಹೊರಟಿದೆ ಮಾರಾಯ. ಈಗ ಬಸ್ಸನ್ನು ಗ್ಯಾರೇಜಿನಲ್ಲಿ ನಿಲ್ಲಿಸಲಿಕ್ಕೆ ನನಗೆ ಹುಚ್ಚು ಉಂಟಾ? ಸೀಸನ್ ಮುಗಿಯಲಿ, ನೋಡುವ," ಎಂದ. ನಾನೂ ಸುಮ್ಮನಾದೆ. ಆ ಸಿಟ್ಟು ನನ್ನ ಮೇಲೆಯೇ ಉಂಟು.

ಮೇ ಹತ್ತರ ಬೆಳಿಗ್ಗೆ ದಾದರಿನಿಂದ ಮೂವತ್ತಾರು ಜನರನ್ನು ಹತ್ತಿಸಿಕೊಂಡು ಹೊರಟೆ. ನನ್ನ ಹಿಂದಿನ ಸೀಟಿನಲ್ಲಿ ಬಾಂದ್ರಾದ ಬರ್ತಾ ಟೀಚರ್, ಮೂಲತಃ ನಮ್ಮ ಕಡೆಯ ಕಲ್ಯಾಣಪುರದವರು. ಅಂಥ ಸೆಕೆಯಲ್ಲಿ ಮೊಮ್ಮಗಳಿಗೆ ಉಣ್ಣೆಯ ಸ್ವೆಟರ್ ಹಾಕಿ ಕೂರಿಸಿದ್ದರು. "ಬಿಚ್ಚಿದರೆ ಅಳುತ್ತಾಳೆ. ಚಳಿಯ ಊರಿಗೆ ಹೋಗುವುದು ಅಂತ ನಾನೇ ಹೇಳಿಬಿಟ್ಟಿದ್ದೆ," ಎಂದು ನಕ್ಕರು. ಪುಣೆ ದಾಟುವವರೆಗೆ ಊರಿನ ಮಾತೇ ಮಾತು, ಕಾಪುವಿನಲ್ಲಿ ನಮ್ಮ ಮನೆ ಎಲ್ಲಿ ಎಂದೂ ಕೇಳಿ ತಿಳಿದುಕೊಂಡರು.

ಖಂಬಾಟ್ಕಿ ಘಾಟಿ ಇಳಿಯುವಾಗ ಪೆಡಲು ಒತ್ತಿದೆ. ಅದು ನೆಲಕ್ಕೆ ಹೋಗಿ ಅಲ್ಲೇ ಕುಳಿತಿತು. ಗೇರು ಇಳಿಸಿದೆ, ಕೈಬ್ರೇಕು ಎಳೆದೆ, ಬಸ್ಸು ಕೇಳಲಿಲ್ಲ. ಬಲಕ್ಕೆ ಕಣಿವೆ. "ಪಕಡೋ! ಗಟ್ಟಿ ಹಿಡಿದುಕೊಳ್ಳಿ!" ಎಂದು ಕೂಗಿ ಎಡಗಡೆಯ ಗುಡ್ಡಕ್ಕೆ ಬಸ್ಸನ್ನು ಉಜ್ಜಿಸಿದೆ. ಸ್ಟೇರಿಂಗು ತಿರುಗಿ ಬಡಿದು ಮಣಿಕಟ್ಟು ಮುರಿಯಿತು. ಬಸ್ಸು ನಿಂತಾಗ ಕಿವಿಗೆ ಬಿದ್ದದ್ದು ಆ ಸ್ವೆಟರಿನ ಮಗುವಿನ ಅಳು. ಅಷ್ಟು ಜೋರಾಗಿ ಅಳುತ್ತಿದ್ದಾಳಲ್ಲ ಎಂದು ನನಗೆ ಜೀವ ಬಂತು. ಒಬ್ಬ ಹೆಂಗಸಿನ ತೋಳು ಮುರಿದಿತ್ತು, ಉಳಿದವರಿಗೆ ತರಚು ಗಾಯ. ಯಾರೂ ಸಾಯಲಿಲ್ಲ ಚಂಪಾ.

ನನ್ನ ಕೈಗೆ ಪ್ಲಾಸ್ಟರ್ ಹಾಕಿದ ಆಸ್ಪತ್ರೆಗೆ ಸಂಜೆ ಸರ್ವೋತ್ತಮ ಬಂದ. "ನೀನು ಊರಿಗೆ ಹೋಗಿ ಕೈ ಗುಣ ಮಾಡಿಕೋ. ಪೊಲೀಸು, ಇನ್ಶೂರೆನ್ಸು ಎಲ್ಲ ನಾನು ನೋಡುತ್ತೇನೆ," ಎಂದು ತಾನೇ ಉಡುಪಿಯ ಬಸ್ಸು ಹತ್ತಿಸಿದ. ನಾನು ಆ ಮನುಷ್ಯನಿಗೆ ಕೈಮುಗಿದೆ! ನನ್ನ ಬೆನ್ನ ಹಿಂದೆ ಅವನು ಪೊಲೀಸರಿಗೆ ಕೊಟ್ಟ ಹೇಳಿಕೆ: ಡ್ರೈವರ್ ಕುಡಿದಿದ್ದ, ಓಡಿಹೋಗಿದ್ದಾನೆ.

ಕಳೆದ ಬುಧವಾರ ಅವನ ತಮ್ಮ ಶೇಖರ ಉದ್ಯಾವರದಿಂದ ಒಂದು ಕಾಗದ ಹಿಡಿದು ಬಂದ. "ತಪ್ಪು ನನ್ನದು ಅಂತ ಒಂದು ಸಹಿ ಹಾಕಿ ಕರುಣಾಕರಣ್ಣ. ಕುಡಿದ ವಿಷಯ ಅಣ್ಣ ಬಿಡುತ್ತಾನೆ. ಕೆಲಸವೂ ಉಂಟು."

"ಬ್ರೇಕಿನ ಮಾತು ಇದರಲ್ಲಿ ಎಲ್ಲಿ ಉಂಟು?"

"ಅದೆಲ್ಲ ಈಗ ಎಂತಕ್ಕೆ?"

ಅಕ್ಕು ಅವನ ಮುಂದೆ ಇಟ್ಟಿದ್ದ ಚಹಾದ ಲೋಟವನ್ನು ಎತ್ತಿಕೊಂಡಳು. "ನೀವು ಹೊರಡಿ. ನಿಮ್ಮ ಅಣ್ಣನಿಗೆ ಹೇಳಿ, ಈ ಮನೆಯಲ್ಲಿ ಇಂಥದ್ದಕ್ಕೆ ಸಹಿ ಹಾಕುವವರು ಯಾರೂ ಇಲ್ಲ," ಎಂದಳು. ಅವನು ಚಪ್ಪಲಿ ಹಾಕಿಕೊಳ್ಳುವ ಅವಸರದಲ್ಲಿ ಕಾಗದ ಇಲ್ಲೇ ಬಿಟ್ಟು ಹೋದ. ಅದು ಈಗ ನನ್ನ ಪೆಟ್ಟಿಗೆಯಲ್ಲಿ ಉಂಟು.

ನಿನ್ನೆ ಬರ್ತಾ ಟೀಚರ ಪತ್ರ ಬಂತು. ನಾನು ಕುಡಿದಿದ್ದೆನೆಂಬ ಸುದ್ದಿ ಕೇಳಿ ಅವರೇ ಠಾಣೆಗೆ ಹೋಗಿ, "ಐದು ಗಂಟೆ ಅವನ ಬೆನ್ನ ಹಿಂದೆ ಕುಳಿತಿದ್ದೆ. ಅವನು ಕುಡಿದಿರಲಿಲ್ಲ, ಬರೆದುಕೊಳ್ಳಿ," ಎಂದರಂತೆ. ಗುರುವಾರ ನಾನು ಹೊರಡುತ್ತೇನೆ. ಮೊದಲು ಠಾಣೆ, ಆಮೇಲೆ ಮನೆ. ಲೈಸೆನ್ಸು ಹೋದರೂ ಹೋಗಲಿ, ಸಹಿ ಹಾಕುವುದಿಲ್ಲ.

ಸುಭಾಷಿಣಿಗೆ ಅಪ್ಪನ ಮುತ್ತು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ
ಕರುಣಾಕರ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ನಿನ್ನ ಪತ್ರದ ಕೊನೆಗೆ, "ಮಗಳ ತಲೆ ಮುಟ್ಟಿ ಹೇಳಿ, ಅವತ್ತು ಕುಡಿದಿದ್ದಿರಾ?" ಎಂದು ಕೇಳಿದ್ದೀ. ಸರ್ವೋತ್ತಮನ ಸುಳ್ಳಿಗೆ ನನಗೆ ಸಿಟ್ಟು ಬಂತು. ನಿನ್ನ ಈ ಸಾಲು ಓದಿ ಎರಡು ದಿನ ಅನ್ನ ಇಳಿಯಲಿಲ್ಲ. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಬಾಳಿದ್ದೇವೆ ಚಂಪಾ. ಮಗಳ ತಲೆ ನಾನು ಮುಟ್ಟುವುದಿಲ್ಲ. ಕುಡಿದಿರಲಿಲ್ಲ.