ಕಪ್ಪು ಮೋಡದ ಅಡಿಬರಹ

ನವೆಂಬರ್ 14, ಗುರುವಾರ

ಆ ಮಾತು ನನ್ನ ಬಾಯಿಂದ ಬರಬಾರದಿತ್ತು.

ಪಕ್ಕದ ಮೇಜಿನ ಗೆಳೆಯ ತಾನಾಗಿಯೇ ಪ್ರಾಣ ಕಳೆದುಕೊಂಡು ಇವತ್ತಿಗೆ ಹನ್ನೊಂದು ದಿನ. ಅವನ ಹೆಂಡತಿ ಖಗೋಳ ವೀಕ್ಷಣಾಲಯಕ್ಕೆ ಬಂದಿದ್ದಳು. ಕುರ್ಚಿಯ ಮೇಲಿದ್ದ ಅವನ ಸ್ವೆಟರ್ ಮಡಚುತ್ತಾ ಕೇಳಿದಳು, “ಆರು ವರ್ಷ ಪಕ್ಕದಲ್ಲೇ ಕೂತಿದ್ರಿ. ಅವರು ಏನಾದ್ರೂ ಮನಸ್ಸಿಗೆ ಹಚ್ಕೊಂಡಿದ್ರಾ?”

“ಏನೂ ಇರಲಿಲ್ಲಮ್ಮ. ನಗ್ತಾನೇ ಇರ್ತಿದ್ದ.”

ಅವಳು ಹೋದ ಮೇಲೆ, ನಾವಿಬ್ಬರೂ ಅರ್ಧಕ್ಕೆ ಬಿಟ್ಟಿದ್ದ ಕೆಲಸ ತೆಗೆದೆ. ಒಂದೇ ನೀಹಾರಿಕೆಯ ಎರಡು ಚಿತ್ರ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಡುವೆ ಬರೀ ಕಪ್ಪು ಮೋಡ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅದೇ ಮೋಡದೊಳಗೆ ನಲವತ್ತೊಂದು ನಕ್ಷತ್ರ ಉರಿಯುತ್ತಿವೆ.

ಮೊದಲ ಚಿತ್ರದ ಕೆಳಗೆ ನಾನು ‘ಇಲ್ಲಿ ಏನೂ ಇಲ್ಲ’ ಎಂದು ಬರೆದಿದ್ದೆ. ಅವನು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಿದ್ದಿದ್ದಾನೆ: ‘ನಮಗೆ ಕಾಣುತ್ತಿಲ್ಲ’.